ಓದುಗರ ಪ್ರಶ್ನೆಗಳಿಗೆ ಉತ್ತರ: ಒಂದೇ ಸೋಪು, ಎರಡು ಊರಿನ ನೀರು

ಮಾಗಿಯ ಚಳಿಯಲ್ಲಿ ಮೈ ಒಡೆಯುವುದರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದದ್ದಕ್ಕೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸೋಪನ್ನು ಕುರಿತವೇ ಆಗಿದ್ದುದರಿಂದ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಕೆಲವರು ಹೆಸರು ಬೇಡವೆಂದು ಕೋರಿರುವುದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನನ್ನ ತವರು ಸಕಲೇಶಪುರದ ಹತ್ತಿರದ ಹಳ್ಳಿ, ಮದುವೆಯಾಗಿ ಬಂದದ್ದು ಅರಸೀಕೆರೆ ಕಡೆಗೆ. ಮೊದಲಿನಿಂದಲೂ ಒಂದೇ ಸೋಪು ಬಳಸುತ್ತಿದ್ದೇನೆ. ತವರಿಗೆ ಹೋದಾಗ ಮೈ ನುಣುಪಾಗಿರುತ್ತದೆ. ಇಲ್ಲಿಗೆ ಮರಳಿದ ವಾರದೊಳಗೆ ಕಾಲು ಬೆಳ್ಳಗಾಗಿ, ಉಗುರು ತಾಗಿದರೆ ಗೆರೆ ಮೂಡುತ್ತದೆ, ರಾತ್ರಿ ತುರಿಕೆ ತಡೆಯಲಾಗುವುದಿಲ್ಲ. ಇಲ್ಲಿನ ಅಂಗಡಿಯಲ್ಲಿ ಸಿಗುವುದು ನಕಲಿ ಸೋಪು ಇರಬಹುದೇ?
— ಗೃಹಿಣಿ, ಅರಸೀಕೆರೆ ತಾಲ್ಲೂಕು

ಉತ್ತರ: ಅಂಗಡಿಯವರನ್ನು ಅನುಮಾನಿಸುವ ಮೊದಲು ನಿಮ್ಮ ಬಚ್ಚಲಿನ ಬಕೆಟ್ಟನ್ನೊಮ್ಮೆ ನೋಡಿ. ಅದರ ಒಳಬದಿಯಲ್ಲಿ, ನೀರು ನಿಲ್ಲುವ ಮಟ್ಟದಲ್ಲಿ, ಉಜ್ಜಿದರೂ ಸುಲಭಕ್ಕೆ ಹೋಗದ ಬಿಳಿ ಜಿಡ್ಡಿನ ಪಟ್ಟಿಯೊಂದು ಇದ್ದರೆ ನಿಮ್ಮ ತುರಿಕೆಯ ಮೂಲ ಅರ್ಧದಷ್ಟು ಸಿಕ್ಕಂತೆಯೇ. ನಿಮ್ಮ ತವರಿನದು ಮಳೆನಾಡಿನ ಮೆದು ನೀರು. ಈಗಿನ ಮನೆಯದು, ನೀವು ಹೇಳದಿದ್ದರೂ ನನ್ನ ಊಹೆ, ಕೊಳವೆಬಾವಿಯ ಗಡಸು ನೀರು, ಆ ಕಡೆಯವರ ಬಾಯಲ್ಲಿ ಉಪ್ಪು ನೀರು. ಆಳದ ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಇವು ಸೋಪಿನ ಕೊಬ್ಬಿನಾಮ್ಲದೊಂದಿಗೆ ಸೇರಿದಾಗ ನೀರಿನಲ್ಲಿ ಕರಗದ ಗಸಿಯೊಂದು ಹುಟ್ಟುತ್ತದೆ. ಬಕೆಟ್ಟಿನಲ್ಲಿ ಕಾಣುವ ಪಟ್ಟಿ ಅದೇ. ಅದೇ ಗಸಿ ನಿಮ್ಮ ಮೊಣಕಾಲಿನ ಕೆಳಗೂ ತೆಳುವಾಗಿ ಕೂರುತ್ತದೆ, ಎಷ್ಟು ನೀರು ಸುರಿದರೂ ಪೂರ್ತಿ ಹೋಗುವುದಿಲ್ಲ. ಮೇಲಾಗಿ, ಸೋಪಿನ ಒಂದು ಪಾಲು ಗಸಿಯಾಗಿಯೇ ಮುಗಿದುಹೋಗುವುದರಿಂದ ನೊರೆ ಬರುವುದಿಲ್ಲ, ನೊರೆ ಬರಲಿಲ್ಲವೆಂದು ಇನ್ನಷ್ಟು ಸೋಪು ಹಚ್ಚುತ್ತೇವೆ, ಹಾಗೆ ಹಚ್ಚಿದಷ್ಟೂ ಚರ್ಮದ ಸ್ವಂತ ಎಣ್ಣೆಯಂಶ ತೊಳೆದುಹೋಗುತ್ತದೆ.

ಇದನ್ನು ನಂಬಲು ನನ್ನ ಮಾತು ಬೇಕಿಲ್ಲ. ಒಂದೇ ಅಳತೆಯ ಎರಡು ಖಾಲಿ ಬಾಟಲಿ ತೆಗೆದುಕೊಂಡು, ಒಂದಕ್ಕೆ ನಿಮ್ಮ ಮನೆಯ ನೀರು, ಇನ್ನೊಂದಕ್ಕೆ ತವರಿನಿಂದ ತಂದ ನೀರು ಅಥವಾ ಹಿಡಿದಿಟ್ಟ ಮಳೆನೀರು ಅರ್ಧದಷ್ಟು ತುಂಬಿ, ಎರಡಕ್ಕೂ ಅದೇ ಸೋಪಿನ ಕಡಲೆ ಗಾತ್ರದ ಚೂರನ್ನು ತುರಿದು ಹಾಕಿ ಚೆನ್ನಾಗಿ ಕುಲುಕಿರಿ. ಮೆದು ನೀರಿನದು ಮೇಲೆ ದಟ್ಟ ನೊರೆ ಕಟ್ಟಿ ಕೆಳಗೆ ಬಹುಮಟ್ಟಿಗೆ ತಿಳಿಯಾಗಿರುತ್ತದೆ, ಗಡಸು ನೀರಿನದು ಒಡೆದ ಹಾಲಿನಂತೆ ಕಾಣುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬುದು ಒಪ್ಪಿತ ಮಿತಿ, ಬೇರೆ ನೀರೇ ಇಲ್ಲದಾಗ 600 ಮಿಲಿಗ್ರಾಂವರೆಗೆ ಸಹಿಸಬಹುದೆಂದಿದೆ. ನೀರು ಪರೀಕ್ಷೆ ಮಾಡಿಸಿದರೆ ನಿಮ್ಮದು ಎಲ್ಲಿದೆಯೆಂದು ತಿಳಿಯುತ್ತದೆ.

ಪರಿಹಾರ ಎರಡು ಬಗೆಯದು. ಕೊನೆಯ ಎರಡು ಚೊಂಬನ್ನು ಮಳೆನೀರಿನಿಂದಲೋ ಬೇರೆ ಸಿಹಿ ನೀರಿನಿಂದಲೋ ಸುರಿದುಕೊಳ್ಳುವುದು ಒಂದು. ಕುದಿಸಿ ತಣಿಸಿದ ನೀರೂ ಸ್ವಲ್ಪ ಮಟ್ಟಿಗೆ ಸರಿ, ಆದರೆ ಕುದಿಸಿದರೆ ಹೋಗುವುದು ಗಡಸುತನದ ಒಂದು ಭಾಗ ಮಾತ್ರ. ಹಂಡೆಯ ತಳದಲ್ಲಿ ಬಿಳಿ ಪೊರೆಯಾಗಿ ಕಟ್ಟುವುದು ಆ ಭಾಗವೇ. ಇನ್ನೊಂದು, ಗಡಸು ನೀರಿನಲ್ಲಿ ಗಸಿ ಕಟ್ಟದ ಸಿಂಡೆಟ್ ಎಂಬ ಬಗೆಯ ಸೋಪಿಗೆ ಬದಲಾಗುವುದು. ಅದೇನೆಂಬುದನ್ನು ಮುಂದಿನ ಉತ್ತರದಲ್ಲಿ ಹೇಳಿದ್ದೇನೆ. ನಿಮ್ಮ ಹಳೆಯ ಸೋಪು ನಕಲಿಯಲ್ಲ, ಆ ನೀರಿಗೆ ಅದು ಹೊಂದುತ್ತಿಲ್ಲ, ಅಷ್ಟೇ.

ಪ್ರಶ್ನೆ: ನಾನು ಚಿಕ್ಕ ದಿನಸಿ ಅಂಗಡಿ ಇಟ್ಟಿದ್ದೇನೆ. ಗಿರಾಕಿಗಳು 'ಮೈಗೆ ಮೃದುವಾದ ಸೋಪು ಕೊಡಿ' ಎಂದಾಗ ಯಾವುದನ್ನು ಕೊಡಬೇಕೆಂದು ತಿಳಿಯುವುದಿಲ್ಲ. ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂದು ಬರೆದಿರುತ್ತದೆ. ಅದು ಹೆಚ್ಚಿದ್ದರೆ ಸೋಪು ಮೃದು ಎಂದರ್ಥವೇ? ನಮ್ಮ ಗಂಧದ ಸೋಪು ಎಲ್ಲರಿಗೂ ಆಗುತ್ತದೆಯೇ?
— ವ್ಯಾಪಾರಿ, ಕಡೂರು

ಉತ್ತರ: ಹೊದಿಕೆಯನ್ನು ತಿರುಗಿಸಿ ಓದುವ ವ್ಯಾಪಾರಿಯೊಬ್ಬರು ಇದ್ದಾರೆಂಬುದೇ ಸಂತೋಷದ ವಿಷಯ. ಟಿ.ಎಫ್.ಎಂ. ಎಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ. ಐ.ಎಸ್. 2888 ಎಂಬ ಮಾನಕದ ಪ್ರಕಾರ ಟಾಯ್ಲೆಟ್ ಸೋಪಿನಲ್ಲಿ ಇದು ಶೇಕಡ 76 ಅಥವಾ ಹೆಚ್ಚಿದ್ದರೆ ಗ್ರೇಡ್ 1, ಕನಿಷ್ಠ 70 ಇದ್ದರೆ ಗ್ರೇಡ್ 2, ಕನಿಷ್ಠ 60 ಇದ್ದರೆ ಗ್ರೇಡ್ 3. 'ಬೇದಿಂಗ್ ಬಾರ್' ಎಂದು ಬರೆದಿರುವವು ಬೇರೆಯೇ ಮಾನಕಕ್ಕೆ ಸೇರಿದವು; ಅವುಗಳಲ್ಲಿ 40 ಇದ್ದರೂ ಸಾಕು. ಉಳಿದ ಪಾಲನ್ನು ನೀರು, ಟಾಲ್ಕ್, ಜೇಡಿ ಮಣ್ಣಿನ ಪುಡಿ ಮೊದಲಾದ ತುಂಬುವ ವಸ್ತುಗಳು ಆಕ್ರಮಿಸಿರಬಹುದು. ಅಂಥ ಸೋಪು ಬೇಗ ಮೆತ್ತಗಾಗಿ ಸೋಪಿನ ಡಬ್ಬಿಗೆ ಅಂಟಿಕೊಳ್ಳುತ್ತದೆ, ಕೊನೆಯ ಚೂರು ಒರಟಾಗುತ್ತದೆ.

ಆದರೆ ನಿಮ್ಮ ಪ್ರಶ್ನೆಯ ತಿರುಳು ಇರುವುದು ಬೇರೆ ಕಡೆ. ಟಿ.ಎಫ್.ಎಂ. ಹೇಳುವುದು ಸೋಪು ಎಷ್ಟು ಗಟ್ಟಿ ಸರಕು ಎಂಬುದನ್ನು; ಅದು ಚರ್ಮಕ್ಕೆ ಎಷ್ಟು ಹಿತ ಎಂಬುದನ್ನು ಪೂರ್ತಿಯಾಗಿ ಹೇಳುವುದಿಲ್ಲ. ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ ಯಾವುದೇ ಸೋಪಿನ ಪಿ.ಎಚ್. (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ) ಸುಮಾರು 9ರಿಂದ 10 ಇರುತ್ತದೆ, ಗ್ರೇಡ್ 1 ಆದರೂ ಅಷ್ಟೇ. ಆರೋಗ್ಯವಂತ ಚರ್ಮದ ಮೇಲ್ಮೈ 5ರ ಆಸುಪಾಸಿನಲ್ಲಿ, ಅಂದರೆ ತುಸು ಹುಳಿಯಾಗಿರುತ್ತದೆ. ಚರ್ಮದ ಮೇಲ್ಪದರದ ಸತ್ತ ಕೋಶಗಳ ನಡುವೆ ಗಾರೆಯಂತೆ ನಿಂತಿರುವ ಕೊಬ್ಬು ತಯಾರಾಗಲು ಆ ಹುಳಿತನ ಬೇಕು. ಸೋಪು ಹಚ್ಚಿದಾಗ ಅದು ಏರುಪೇರಾಗುತ್ತದೆ. ಎಳೆಯ, ಆರೋಗ್ಯವಂತ ಚರ್ಮ ಕೆಲವು ಗಂಟೆಗಳಲ್ಲಿ ಅದನ್ನು ಸರಿಪಡಿಸಿಕೊಳ್ಳುತ್ತದೆ. ಇಸುಬು ಇರುವವರ, ವಯಸ್ಸಾದವರ ಚರ್ಮಕ್ಕೆ ಅಷ್ಟು ಬೇಗ ಆಗುವುದಿಲ್ಲ.

ಈ ತೊಂದರೆಯಿಂದ ಪಾರಾಗಲು ಬಂದದ್ದು ಸಿಂಡೆಟ್, ಅಂದರೆ ಸೋಪಿನ ಆಕಾರದಲ್ಲಿರುವ, ಸೋಪಲ್ಲದ ಮಾರ್ಜಕ. ಅದರ ಪಿ.ಎಚ್. ಸಾಮಾನ್ಯವಾಗಿ 5.5ರಿಂದ 7ರ ನಡುವೆ ಇರುತ್ತದೆ. ಹೊದಿಕೆಯ ಘಟಕಗಳ ಪಟ್ಟಿಯಲ್ಲಿ ಮೊದಲಿಗೆ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್ ಎಂದಿದ್ದರೆ ಅದು ಸೋಪು, ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಎಂದಿದ್ದರೆ ಸಿಂಡೆಟ್. ಇದರಲ್ಲಿ ಟಿ.ಎಫ್.ಎಂ. ಕಡಿಮೆ ಎಂದು ಕಂಡು 'ಕೀಳು ಸರಕು' ಎಂದು ಬದಿಗಿಡುವುದು ತಪ್ಪು. ಆ ಅಳತೆಗೋಲು ಇದಕ್ಕೆ ಅನ್ವಯಿಸುವುದೇ ಇಲ್ಲ.

ಇಂಗ್ಲಿಷ್ ಪಟ್ಟಿ ಓದಲು ಬಾರದ ಗಿರಾಕಿಗೆ ಅರಿಸಿನ ತೋರಿಸಿ. ಆರತಿಗೆ ಓಕುಳಿ ನೀರು ಮಾಡುವಾಗ ಅರಿಸಿನದ ನೀರಿಗೆ ಸುಣ್ಣ ಬಿದ್ದೊಡನೆ ಕೆಂಪೇರುವುದನ್ನು ನಮ್ಮ ಹೆಂಗಸರೆಲ್ಲ ಬಲ್ಲರು. ಬಿಳಿ ಬಟ್ಟೆಯ ಚೂರಿಗೆ ಅರಿಸಿನದ ನೀರು ಹಚ್ಚಿ ಒಣಗಿಸಿ, ಅದರ ಮೇಲೆ ಒದ್ದೆ ಸೋಪನ್ನು ಒಂದು ಗೆರೆ ಎಳೆಯಿರಿ. ಸೋಪಾದರೆ ಗೆರೆ ಇಟ್ಟಿಗೆಯ ಕೆಂಪಾಗುತ್ತದೆ. ಸಿಂಡೆಟ್ ಆದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. 'ಪಿ.ಎಚ್. ಸಮತೋಲಿತ' ಎಂದು ದೊಡ್ಡದಾಗಿ ಬರೆದುಕೊಂಡವುಗಳಿಗೂ ಇದೇ ಪರೀಕ್ಷೆ ಮಾಡಿ ನೋಡಿ, ಒಂದಿಷ್ಟು ಮೋಜು ಸಿಕ್ಕೀತು.

ಗಂಧದ ಸೋಪಿನ ವಿಚಾರಕ್ಕೆ ಬಂದರೆ, ಮೊದಲ ಮಹಾಯುದ್ಧದಿಂದಾಗಿ ಮೈಸೂರು ಸಂಸ್ಥಾನದ ಗಂಧದ ಮರ ಯುರೋಪಿಗೆ ಸಾಗದೆ ಉಳಿದಾಗ, 1916ರಲ್ಲಿ ಇಲ್ಲಿಯೇ ಎಣ್ಣೆ ತೆಗೆಯುವ ಕೆಲಸ ಆರಂಭವಾದದ್ದರ ಫಲ ಅದು. ಮೈಸೂರು ಸ್ಯಾಂಡಲ್ ಗ್ರೇಡ್ 1 ಸೋಪು, ನನ್ನ ಮನೆಯಲ್ಲೂ ಇದೆ. ಹಾಗೆಂದು ಅದಕ್ಕೆ ಅರಿಸಿನ ಕೆಂಪಾಗದೆ ಇರುವುದಿಲ್ಲ. ಜೊತೆಗೆ ಪರಿಮಳ ಯಾವುದೇ ಇರಲಿ, ಗಂಧವೋ ಮಲ್ಲಿಗೆಯೋ ನಿಂಬೆಯೋ, ಕೆಲವರ ಚರ್ಮಕ್ಕೆ ಆಗುವುದಿಲ್ಲ; ಗಿಡಮೂಲಿಕೆಯದು ಎಂದ ಮಾತ್ರಕ್ಕೆ ಅಲರ್ಜಿ ಆಗಬಾರದೆಂದೇನೂ ಇಲ್ಲ. ಸಾಧಾರಣ ಚರ್ಮದವರಿಗೆ ಧೈರ್ಯವಾಗಿ ಕೊಡಿ, ಮೈ ಬಿರಿದು ತುರಿಸುತ್ತಿದೆ ಎಂದು ಬಂದವರಿಗೆ ಪರಿಮಳವಿಲ್ಲದ ಸಿಂಡೆಟ್ ಕೊಡಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಕರೆತಂದಿದ್ದೇವೆ. ಮಗುವಿಗೆ ಒಂದೂವರೆ ತಿಂಗಳು. ನಮ್ಮ ಅತ್ತೆಯವರು ಎಣ್ಣೆ ತಿಕ್ಕಿ ಕಡಲೆಹಿಟ್ಟು ಹಾಕಿಯೇ ಎರೆಯಬೇಕೆನ್ನುತ್ತಾರೆ, ಮಗಳು ಬೇಬಿ ಸೋಪೇ ಆಗಬೇಕೆನ್ನುತ್ತಾಳೆ. ಮನೆಯಲ್ಲಿ ದಿನಾ ಇದೇ ಮಾತು. ನೀವೇ ಹೇಳಿ.
— ಅಜ್ಜಿ, ಮೂಡಿಗೆರೆ

ಉತ್ತರ: ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಆದರೆ ಪ್ರಶ್ನೆ ಮಗುವಿನದು. ಹುಟ್ಟಿದಾಗ ಶಿಶುವಿನ ಚರ್ಮದ ಪಿ.ಎಚ್. 6ಕ್ಕಿಂತ ಮೇಲಿದ್ದು, ಮುಂದಿನ ವಾರಗಳಲ್ಲಿ ನಿಧಾನವಾಗಿ ದೊಡ್ಡವರ ಮಟ್ಟಕ್ಕೆ ಇಳಿಯುತ್ತದೆ. ಆ ಅವಧಿಯಲ್ಲಿ ಕ್ಷಾರದ ಸೋಪು ದಿನವೂ ಬೇಡ. ಕಡಲೆಹಿಟ್ಟು ಕ್ಷಾರವಲ್ಲ, ಆ ಮಟ್ಟಿಗೆ ನಿಮ್ಮ ಅತ್ತೆಯವರು ಸರಿ. ಆದರೆ ಹಿಟ್ಟು ಎಷ್ಟು ನಯವೆಂದರೂ ತಿಕ್ಕುವ ವಸ್ತು. ಹಣೆಯ ಮೇಲಿನ ಸಣ್ಣ ಕೂದಲು ಉದುರಲೆಂದು ಉಂಡೆ ಕಟ್ಟಿ ಉಜ್ಜುವುದರಿಂದ ಕೂದಲಿನ ಬುಡ ಕೆಂಪಾಗಿ ಗುಳ್ಳೆಯೇಳುತ್ತದೆ. ಆ ಕೂದಲು ಹೇಗೂ ತಾನಾಗಿ ಉದುರುವಂಥದು. ಕತ್ತಿನ ಮಡಿಕೆಯಲ್ಲಿ, ತೊಡೆಯ ಸಂದಿನಲ್ಲಿ ಉಳಿದ ಹಿಟ್ಟು ತೇವಕ್ಕೆ ಹುದುಗಿ ಹುಣ್ಣು ಮಾಡುವುದನ್ನು ಮೂಡಿಗೆರೆಯ ಮಳೆಗಾಲ ಕಂಡ ತಾಯಂದಿರಿಗೆ ವಿವರಿಸಬೇಕಿಲ್ಲ.

ಇನ್ನೊಂದು ವಿಷಯ. ಬಿರಿದ ಚರ್ಮದ ಮೇಲೆ ಆಹಾರ ಪದಾರ್ಥವನ್ನು ಪದೇಪದೇ ಉಜ್ಜಿದರೆ ಮುಂದೆ ಅದೇ ಆಹಾರ ಒಗ್ಗದಂತಾಗುವ ಸಾಧ್ಯತೆಯಿದೆ. ಜಪಾನಿನಲ್ಲಿ ಗೋಧಿಯ ಪ್ರೋಟೀನು ಬೆರೆಸಿದ ಮುಖದ ಸೋಪೊಂದನ್ನು ಬಳಸಿದ 2000ಕ್ಕೂ ಹೆಚ್ಚು ಜನರಿಗೆ ಗೋಧಿಯ ತಿನಿಸಿನಿಂದಲೇ ಅಲರ್ಜಿಯಾದ ಪ್ರಕರಣ ವೈದ್ಯಲೋಕದಲ್ಲಿ ಪ್ರಸಿದ್ಧ. ಆದ್ದರಿಂದ ಮಗುವಿಗೆ ಇಸುಬಿನ ಲಕ್ಷಣವಿದ್ದರೆ ಹಿಟ್ಟು ಬೇಡವೇ ಬೇಡ. ನಿಮ್ಮ ಅತ್ತೆಯವರ ಎಣ್ಣೆ ಇರಲಿ, ಕೊಬ್ಬರಿ ಎಣ್ಣೆಯಾದರೆ ಒಳ್ಳೆಯದು, ಸಾಸಿವೆ ಎಣ್ಣೆ ಬೇಡ, ನೀರು ಬೆಚ್ಚಗಿರಲಿ, ಮಡಿಕೆಗಳಿಗೆ ಮತ್ತು ಕಕ್ಕ ಮಾಡಿದ ಜಾಗಕ್ಕೆ ಮಾತ್ರ ಪರಿಮಳವಿಲ್ಲದ ಸಿಂಡೆಟ್ ಸ್ವಲ್ಪವೇ ಹಚ್ಚಿ ತೊಳೆಯಿರಿ. 'ಬೇಬಿ' ಎಂಬ ಹೆಸರಿದ್ದರೆ ಅರಿಸಿನ ಕೆಂಪಾಗುವುದಿಲ್ಲ ಎಂದು ಮಗಳು ತಿಳಿದಿದ್ದರೆ ಅದನ್ನೂ ಒಮ್ಮೆ ಬಟ್ಟೆಯ ಮೇಲೆ ತೋರಿಸಿ.

ಪ್ರಶ್ನೆ: ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಮನೆಯ ಹೆಂಗಸರೆಲ್ಲರ ಬೆರಳು ಕಪ್ಪಾಗುತ್ತದೆ. ಬಟ್ಟೆ ಸೋಪು ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ, ಚರ್ಮ ಮಾತ್ರ ಸೀಳುತ್ತದೆ. ಇದಕ್ಕೆ ಬೇರೆ ಸೋಪು ಇದೆಯೇ?
— ಬೆಳೆಗಾರರು, ಕೊಪ್ಪ

ಉತ್ತರ: ಇಲ್ಲ, ಏಕೆಂದರೆ ಅದು ಸೋಪಿನ ಕೆಲಸವೇ ಅಲ್ಲ. ಸೋಪು ತೆಗೆಯುವುದು ಜಿಡ್ಡನ್ನು. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಮೆಟ್ಟುಗತ್ತಿಯ ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ. ಅದು ಚರ್ಮಕ್ಕೆ ಹತ್ತಿದ ಬಣ್ಣ, ಮೇಲೆ ಕುಳಿತ ಕೊಳೆಯಲ್ಲ. ಕಾಫಿ ಹಣ್ಣಿನ ಅಂಟು ಸಿಹಿಯ ಅಂಟಾದ್ದರಿಂದ ಬರಿ ನೀರಿಗೆ ಬಿಡುತ್ತದೆ, ಹಲಸಿನ ಮೇಣ ಎಣ್ಣೆಗೆ ಬಿಡುತ್ತದೆ, ಅಡಿಕೆಯ ಕರೆ ಸ್ವಲ್ಪ ಮಟ್ಟಿಗೆ ನಿಂಬೆ ಅಥವಾ ಹುಣಸೆಯ ಹುಳಿಗೆ ಬಿಡುತ್ತದೆ. ಬಟ್ಟೆ ಸೋಪಿನಲ್ಲಿ ಸೋಡಾ ಇರುವುದರಿಂದ ಮೈಸೋಪಿಗಿಂತಲೂ ಕ್ಷಾರ ಹೆಚ್ಚು; ಕೈಗೆ ಅದನ್ನು ಹಚ್ಚುವ ಅಭ್ಯಾಸವನ್ನು ದಯವಿಟ್ಟು ಬಿಡಿಸಿ. ಕೆಲಸಕ್ಕೆ ಕೂರುವ ಮೊದಲು ಬೆರಳ ಸಂದಿಗೆ, ಉಗುರಿನ ಬುಡಕ್ಕೆ ಕೊಬ್ಬರಿ ಎಣ್ಣೆ ಚೆನ್ನಾಗಿ ಹಚ್ಚಿಕೊಂಡರೆ ಕರೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಸೀಳು ಬಿಟ್ಟ ಕೈಗೆ ನಿಂಬೆ ಹಚ್ಚಿದರೆ ಉರಿಯುತ್ತದೆ, ಆದ್ದರಿಂದ ಸೀಳು ಮಾಗುವವರೆಗೆ ಕಪ್ಪು ಹಾಗೆಯೇ ಇರಲಿ. ಸುಗ್ಗಿ ಮುಗಿದ ಮೇಲೆ ಹಳೆಯ ಚರ್ಮ ಉದುರಿದಂತೆ ಅದೂ ಹೋಗುತ್ತದೆ.

ಪ್ರಶ್ನೆ: ಕನ್ನಡಿಯಂತೆ ಆಚೆ ಕಾಣುವ ಗ್ಲಿಸರಿನ್ ಸೋಪು ಒಳ್ಳೆಯದೇ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಗ್ಲಿಸರಿನ್ ನೀರಿನಂಶವನ್ನು ಹಿಡಿದಿಡುವುದರಿಂದ ಚಳಿಗಾಲದಲ್ಲಿ ತುಸು ಹಿತವೇ. ಆದರೂ ಅದು ಸೋಪೇ, ಕ್ಷಾರವೇ. ಹಾಸ್ಟೆಲಿನ ಒದ್ದೆ ಕಟ್ಟೆಯ ಮೇಲೆ ಬಿಟ್ಟರೆ ನಾಲ್ಕೇ ದಿನದಲ್ಲಿ ಲೋಳೆಯಾಗಿ ಹರಿದುಹೋಗುತ್ತದೆ, ತೂತಿರುವ ಡಬ್ಬಿಯಲ್ಲಿಡಿ.

ಪ್ರಶ್ನೆ: ಮಳೆಗಾಲದಿಂದ ಸೊಂಟದ ಸುತ್ತ ಹುಳುಕಡ್ಡಿ. ಕ್ರಿಮಿನಾಶಕ ಸೋಪು ದಿನಕ್ಕೆ ಎರಡು ಬಾರಿ ಹಚ್ಚುತ್ತಿದ್ದೇನೆ, ಹೆಚ್ಚುತ್ತಲೇ ಇದೆ.
— ಶೃಂಗೇರಿ

ಉತ್ತರ: ಹುಳುಕಡ್ಡಿ ಶಿಲೀಂಧ್ರದ ರೋಗ, ಸೋಪಿನಿಂದ ವಾಸಿಯಾಗುವಂಥದ್ದಲ್ಲ, ಒಣಗಿ ಬಿರಿದ ಚರ್ಮದಲ್ಲಿ ಅದು ಇನ್ನಷ್ಟು ಉರಿಯುತ್ತದೆ. ದಿನಬಳಕೆಗೆ ಕ್ರಿಮಿನಾಶಕ ಸೋಪು ಸಾಧಾರಣ ಸೋಪಿಗಿಂತ ಹೆಚ್ಚೆಂಬುದಕ್ಕೂ ಸಾಕಷ್ಟು ಆಧಾರವಿಲ್ಲ. ಈ ಕಾರಣದಿಂದಲೇ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಟ್ರೈಕ್ಲೋಸಾನ್ ಸೇರಿದಂತೆ 19 ರಾಸಾಯನಿಕಗಳನ್ನು ಇಂಥ ಸೋಪುಗಳಲ್ಲಿ ಬಳಸದಂತೆ ಮಾಡಿತು. ಒಬ್ಬರ ಸೋಪು, ಟವೆಲನ್ನು ಇನ್ನೊಬ್ಬರು ಬಳಸಬೇಡಿ, ಒಳಬಟ್ಟೆ ಬಿಸಿಲು ಕಾಣದ ದಿನಗಳಲ್ಲಿ ಇಸ್ತ್ರಿ ಮಾಡಿ ಹಾಕಿಕೊಳ್ಳಿ, ಚರ್ಮರೋಗ ವೈದ್ಯರನ್ನು ಕಾಣಿರಿ. ಔಷಧದ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮಿನಿಂದ ಮೊದಲ ವಾರ ತುರಿಕೆ ನಿಂತು, ಆಮೇಲೆ ದುಪ್ಪಟ್ಟಾಗಿ ಹರಡುತ್ತದೆ.

ಪ್ರಶ್ನೆ: ಸಂತೆಯಲ್ಲಿ ಮಹಿಳಾ ಸಂಘದವರು ಮಾರುವ ಕೊಬ್ಬರಿ ಎಣ್ಣೆಯ ಸೋಪು ಪೂರ್ತಿ ನೈಸರ್ಗಿಕ ಎನ್ನುತ್ತಾರೆ. ಅದೇ ಎಲ್ಲಕ್ಕಿಂತ ಮೃದುವಲ್ಲವೇ?
— ನಿವೃತ್ತ ಶಿಕ್ಷಕರು, ಬೇಲೂರು

ಉತ್ತರ: ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪು ಆಗುವುದಿಲ್ಲ, ಮನೆಯಲ್ಲಿ ಮಾಡಿದರೂ ಕಾರ್ಖಾನೆಯಲ್ಲಿ ಮಾಡಿದರೂ. ಚೆನ್ನಾಗಿ ಮಾಡಿದ ಸೋಪಿನಲ್ಲಿ ಅದು ಎಣ್ಣೆಯೊಂದಿಗೆ ಪೂರ್ತಿ ಬೆರೆತು ಮುಗಿದಿರುತ್ತದೆ, ಮತ್ತು ಉಪಉತ್ಪನ್ನವಾದ ಗ್ಲಿಸರಿನ್ ಸೋಪಿನಲ್ಲಿಯೇ ಉಳಿದಿರುತ್ತದೆ. ದೊಡ್ಡ ಕಾರ್ಖಾನೆಗಳು ಅದನ್ನು ಬಹುಮಟ್ಟಿಗೆ ಬೇರ್ಪಡಿಸಿಕೊಳ್ಳುತ್ತವೆ. ಮನೆಸೋಪಿನ ಹಿರಿಮೆ ಇಷ್ಟೇ. ಅದರ ತೊಂದರೆ ನನಗೆ ಸ್ವಂತ ಅನುಭವದಿಂದ ಗೊತ್ತು. ಕೆಲವು ವರ್ಷಗಳ ಹಿಂದೆ ಅರ್ಧ ಕಿಲೋ ಕೊಬ್ಬರಿ ಎಣ್ಣೆಗೆ ಸೋಡಾವನ್ನು ಅಡುಗೆಮನೆಯ ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿ ಹಾಕಿದ್ದೆ. ಅಷ್ಟು ಎಣ್ಣೆ ಹಿಡಿಯುವುದು ಸುಮಾರು 91 ಗ್ರಾಂ ಸೋಡಾ. ಅದಕ್ಕಿಂತ ನಾಲ್ಕೈದು ಗ್ರಾಂ ಕಡಿಮೆ ಹಾಕಿ ಒಂದಿಷ್ಟು ಎಣ್ಣೆ ಉಳಿಸಬೇಕು. ನನ್ನ ತಕ್ಕಡಿಗೆ ಹತ್ತು ಗ್ರಾಂ ಲೆಕ್ಕಕ್ಕೇ ಇರಲಿಲ್ಲ. ಐದನೆಯ ದಿನ ಆತುರದಿಂದ ಕತ್ತರಿಸಿ ಕೈ ತೊಳೆದಾಗ ಬೆರಳ ತುದಿಗಳು ಜಾರುವಂತಾಗಿ, ಸಂಜೆಯ ಹೊತ್ತಿಗೆ ಸಿಪ್ಪೆಯೆದ್ದವು. ಅದರಿಂದ ನೆಲ ತೊಳೆದೆವು, ಚೆನ್ನಾಗಿ ಹೊಳೆಯಿತು.

ಹಾಗಾಗಿ ಮಾರುವವರಲ್ಲಿ ಎರಡು ಪ್ರಶ್ನೆ ಕೇಳಿ: ಅಚ್ಚಿಗೆ ಹೊಯ್ದು ಎಷ್ಟು ದಿನವಾಯಿತು, ಬೇರೆ ಯಾವ ಎಣ್ಣೆ ಸೇರಿಸಿದ್ದೀರಿ. ನಾಲ್ಕರಿಂದ ಆರು ವಾರ ಆರಿಸಿದ್ದಾದರೆ ಕೊಳ್ಳಬಹುದು. ಬರಿ ಕೊಬ್ಬರಿ ಎಣ್ಣೆಯ ಸೋಪು ಧಾರಾಳವಾಗಿ ನೊರೆ ಕೊಡುತ್ತದೆ, ಆದರೆ ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದಿಂದಾಗಿ ಮೈ ಒಣಗುತ್ತದೆ. ಎಣ್ಣೆಯಾಗಿ ಚರ್ಮಕ್ಕೆ ಅಷ್ಟು ಹಿತವಾದ ಕೊಬ್ಬರಿ ಸೋಪಾದಾಗ ಹೀಗಾಗುವುದು ವಿಚಿತ್ರವೆನಿಸಿದರೂ ನಿಜ. ಅರಿಸಿನದ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಒಳ್ಳೆಯ ಸೋಪಿಗೂ ಸೋಡಾ ಹೆಚ್ಚಾದ ಸೋಪಿಗೂ ಅದು ಕೆಂಪಾಗುತ್ತದೆ.

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಬೆಳಗ್ಗೆ ಸಂಜೆ ಹಂಡೆಯ ಸುಡುನೀರಿನಲ್ಲಿ, ನೈಲಾನ್ ಬಲೆಯಿಂದ ಮೈ ತಿಕ್ಕಿ ಸ್ನಾನ ಮಾಡುತ್ತಾರೆ. ಇತ್ತೀಚೆಗೆ ಮೈಯೆಲ್ಲ ತುರಿಕೆ. ಮೂರು ಸೋಪು ಬದಲಾಯಿಸಿದೆವು. ನಾಲ್ಕನೆಯದು ಯಾವುದು?
— ಚಿಕ್ಕಮಗಳೂರು

ಉತ್ತರ: ನಾಲ್ಕನೆಯದನ್ನು ತರುವ ಮೊದಲು ಆ ನೈಲಾನ್ ಬಲೆಯನ್ನು ಬಚ್ಚಲಿನಿಂದ ತೆಗೆದುಬಿಡಿ. ವಯಸ್ಸಾದಂತೆ ಚರ್ಮದಲ್ಲಿ ಎಣ್ಣೆ ಒಸರುವುದು ಕಡಿಮೆಯಾಗುತ್ತದೆ, ಇರುವ ಅಲ್ಪವನ್ನು ಸುಡುನೀರು ಕರಗಿಸುತ್ತದೆ, ಸೋಪು ತೊಳೆಯುತ್ತದೆ, ಬಲೆ ಕೆರೆಯುತ್ತದೆ. ಸುಡುನೀರು ಬಿದ್ದಾಗ ತುರಿಕೆಗೆ ಒಂದು ಕ್ಷಣ ಹಾಯೆನಿಸುವುದರಿಂದ ಅವರು ಅದನ್ನೇ ಮತ್ತೆ ಮತ್ತೆ ಬಯಸುತ್ತಿರಬಹುದು; ಮೇಲೆದ್ದು ಒರೆಸಿಕೊಳ್ಳುವಷ್ಟರಲ್ಲಿ ಅದು ಮೊದಲಿಗಿಂತ ಹೆಚ್ಚಾಗಿರುತ್ತದೆ. ಒಂದು ಹೊತ್ತಿನ ಸ್ನಾನ, ಉಗುರುಬೆಚ್ಚಗಿನ ನೀರು, ಸೋಪು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ. ಕೈಕಾಲು, ಬೆನ್ನಿಗೆ ನೀರಷ್ಟೇ ಸಾಕು, ಅಲ್ಲಿ ತೊಳೆಯುವಂಥ ಕೊಳೆ ಅವರಲ್ಲಿ ಏನಿರುತ್ತದೆ? ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ತೇವವಿರುವಾಗಲೇ, ಬಚ್ಚಲಿನಿಂದ ಹೊರಬಂದ ಮೂರು ನಿಮಿಷದೊಳಗೆ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಹಚ್ಚಿ. ಕಾಲಿಗೆ ಎಣ್ಣೆ ಹಚ್ಚಿದ ಮೇಲೆ ಒದ್ದೆ ನೆಲದ ಮೇಲೆ ನಡೆಯಲು ಬಿಡಬೇಡಿ, ಜಾರಿ ಬಿದ್ದಾರು. ಹೀಗೆ ಮೂರು ವಾರ ಮಾಡಿಯೂ ತುರಿಕೆ ಇಳಿಯದಿದ್ದರೆ ಸಕ್ಕರೆ, ಥೈರಾಯ್ಡ್, ಮೂತ್ರಪಿಂಡ ಮತ್ತು ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ, ಅವರು ಸೇವಿಸುತ್ತಿರುವ ಮಾತ್ರೆಗಳ ಚೀಟಿಯನ್ನೂ ವೈದ್ಯರಿಗೆ ತೋರಿಸಿ.